ಮರ ಕೊಳ್ಳುವವರ ಕೈಯಲ್ಲಿ ಟೇಪು ಇರಲಿ

ಮಳೆಗಾಲ ಕಳೆದೊಡನೆ ಮನೆ ಕಟ್ಟುವ ಕೆಲಸಗಳು ಚುರುಕಾಗುತ್ತವೆ. ನಮ್ಮ ಗೃಹಸ್ಥರು ಸಿಮೆಂಟು, ಕಬ್ಬಿಣಗಳ ದರವನ್ನು ನಾಲ್ಕು ಕಡೆ ವಿಚಾರಿಸುತ್ತಾರೆ. ಮರದ ಮಾತು ಬಂದಾಗ ಮಾತ್ರ ‘ಆಚಾರಿಗಳು ನೋಡಿಕೊಳ್ಳುತ್ತಾರೆ’ ಎಂದು ಸುಮ್ಮನಾಗುತ್ತಾರೆ. ತೇಗದ ಘನ ಅಡಿಗೆ ಸಾವಿರಾರು ರೂಪಾಯಿ ತೆರಬೇಕಾದ ಈ ದಿನಗಳಲ್ಲಿ ಇಂಥ ಔದಾಸೀನ್ಯ ತರವಲ್ಲ.

ಲೆಕ್ಕವೇನೂ ಕಠಿಣವಲ್ಲ. ದಪ್ಪ, ಅಗಲಗಳನ್ನು ಇಂಚಿನಲ್ಲೂ ಉದ್ದವನ್ನು ಅಡಿಯಲ್ಲೂ ಹಿಡಿದು ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ. ದಾರಂದಕ್ಕೆಂದು ಕೊಳ್ಳುವ 4 ಇಂಚು ಅಗಲ, 3 ಇಂಚು ದಪ್ಪ, 7 ಅಡಿ ಉದ್ದದ ತುಂಡು 0.58 ಘನ ಅಡಿ. ಅದೇ ತುಂಡು ಕೀಸುಳಿ ಹಾಕಿದ ಮೇಲೆ ಮೂರೂ ಮುಕ್ಕಾಲಕ್ಕೆ ಎರಡೂ ಮುಕ್ಕಾಲು ಇಂಚು ಆದರೆ ಶೇಕಡಾ 14ರಷ್ಟು ಮರ ಹೋಯಿತು. ಕೀಸುವಾಗ ಹೋಗುವುದು ಸಹಜ, ಅದು ಮೋಸವಲ್ಲ. ಆದರೆ ಕೀಸಿದ ತುಂಡನ್ನು ಕೊಟ್ಟು ಕೀಸುವ ಮೊದಲಿನ ಅಳತೆಗೆ ಹಣ ಪಡೆಯುವುದಾದರೆ, ಆ ಮಾತು ದರ ಹೇಳುವಾಗಲೇ ಬರಬೇಕು.

ದಿಮ್ಮಿಯ ಲೆಕ್ಕ ಬೇರೆ. ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸುವುದು ಹಳೆಯ ವಾಡಿಕೆ. 48 ಇಂಚು ಸುತ್ತಳತೆಯ 10 ಅಡಿ ದಿಮ್ಮಿ ಈ ಲೆಕ್ಕದಲ್ಲಿ 10 ಘನ ಅಡಿ; ಅದರಲ್ಲಿ ನಿಜವಾಗಿ ಇರುವ ಮರ ಸುಮಾರು 12.7. ಹೆಚ್ಚಿನದ್ದು ಹೊರ ಹಲಗೆಗೂ ಗರಗಸದ ಹುಡಿಗೂ ಬಿಟ್ಟದ್ದೆಂದು ತಿಳಿಯಬೇಕು. ಇಲ್ಲಿ ನೋಡಬೇಕಾದದ್ದು ಸಿಪ್ಪೆ. ಅರ್ಧ ಇಂಚು ದಪ್ಪದ ಸಿಪ್ಪೆಯ ಮೇಲೆ ಟೇಪು ಸುತ್ತಿದರೆ 48 ಇಂಚು 51 ಆಗುತ್ತದೆ, 10 ಘನ ಅಡಿ 11.3 ಆಗುತ್ತದೆ. ಒಲೆಗೆ ಹಾಕುವ ಸಿಪ್ಪೆಗೆ ತೇಗದ ಕ್ರಯ! ದಿಮ್ಮಿಯ ನಡುವಿನಲ್ಲಿ ಸಿಪ್ಪೆ ತೆಗೆಸಿ ಅಳೆಯಿರೆಂದು ಕೇಳಲು ನಾಚಿಕೆ ಬೇಡ.

‘ಒಂದನೇ ನಂಬ್ರ’ ಎಂಬ ಮಾತನ್ನು ನಾವು ಅಷ್ಟಾಗಿ ನಂಬುವುದಿಲ್ಲ. ಅರಣ್ಯ ಇಲಾಖೆಯ ಡಿಪೋದಲ್ಲಿ ತೇಗದ ದಿಮ್ಮಿಗೆ ಸುತ್ತಳತೆಯಿಂದ ವರ್ಗ ನಿರ್ಣಯವಾಗುತ್ತದೆ. 100ರಿಂದ 149 ಸೆಂಟಿಮೀಟರಿನದು ಎರಡನೆಯ ವರ್ಗ. ಗಂಟು, ಸೀಳು, ಪೊಳ್ಳು ನೋಡಿ ಎ, ಬಿ, ಸಿ ಎಂಬ ಗುಣ ಬೇರೆ. ಖಾಸಗಿ ಅಂಗಡಿಯ ನಂಬ್ರ ಅಂಗಡಿಯವನ ಬಾಯಿಯಲ್ಲಿ ಹುಟ್ಟುತ್ತದೆ. ನಿಲಂಬೂರಿನದೆಂದರೂ ಬರ್ಮಾದ್ದೆಂದರೂ ತುಂಡಿನ ತುದಿ ನೋಡಬೇಕು. ಚೇಗು ಎಷ್ಟು, ಬಿಳಿಮರ ಎಷ್ಟು ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಎಳೆಯ ತೇಗದಲ್ಲಿ ಬಿಳಿಮರವೇ ಹೆಚ್ಚು; ತೇಗವೆಂಬ ಹೆಸರಿದ್ದರೂ ಗೆದ್ದಲು ಅದನ್ನು ಬಿಡುವುದಿಲ್ಲ. ಅದಕ್ಕಿಂತ ಹಿತ್ತಿಲಿನ ಬಲಿತ ಹಲಸು ಮೇಲು ಎಂಬುದು ನಮ್ಮ ಅಭಿಪ್ರಾಯ. ಹೆಸರಿನ ಮೋಹಕ್ಕೆ ಬಿದ್ದು ಹಲಸು, ಹೆಬ್ಬಲಸುಗಳನ್ನು ಕೀಳಾಗಿ ಕಾಣುವುದು ಇತ್ತೀಚಿನ ಚಾಳಿ. ಯಾವ ಮರವಾದರೂ ಹಸಿ ಇರಬಾರದು. ಹಸಿ ಮರದ ಬಾಗಿಲು ಬೇಸಗೆಯಲ್ಲಿ ಬಿರುಕು ಬಿಡುತ್ತದೆ.

ಕನ್ನಡದ ಮನೆಗಳಿಗೆ ಇನ್ನೊಂದು ತೊಡಕಿದೆ. ಮಿಲ್ಲಿನಲ್ಲಿ ಮಾತು ಹೇಗೋ ನಡೆದುಹೋಗುತ್ತದೆ, ಚೀಟಿ ಮಾತ್ರ ಮಲಯಾಳದಲ್ಲಿ. ಹಲಸಿಗೆ ಪ್ಲಾವ್, ಹೆಬ್ಬಲಸಿಗೆ ಅಯಿನಿ, ಚೇಗಿಗೆ ಕಾದಲ್, ಬಿಳಿಮರಕ್ಕೆ ವೆಳ್ಳ. ಈ ನಾಲ್ಕು ಶಬ್ದ ತಿಳಿದಿದ್ದರೂ ಅರ್ಧ ಜಗಳ ತಪ್ಪುತ್ತದೆ. ಶಾಲೆಯಲ್ಲಿ ಮಲಯಾಳ ಓದಿದ ಮಕ್ಕಳಿದ್ದರೆ ಜತೆಗೆ ಕರೆದೊಯ್ಯುವುದು ಒಳ್ಳೆಯದು. ವ್ಯಾಪಾರಿಗಳೆಲ್ಲ ವಂಚಕರೆಂದು ನಾವು ಹೇಳುತ್ತಿಲ್ಲ. ಕೇಳುವವರಿಲ್ಲದ ಕಡೆ ಹೇಳುವವರೂ ಇರುವುದಿಲ್ಲ, ಅಷ್ಟೆ.

2009ರ ಕಾನೂನು ಮಾಪನಶಾಸ್ತ್ರ ಕಾಯಿದೆಯಂತೆ ವ್ಯಾಪಾರವು ಮೆಟ್ರಿಕ್ ಅಳತೆಯಲ್ಲಿ ನಡೆಯಬೇಕು. ಮರದ ವ್ಯಾಪಾರ ಇನ್ನೂ ಅಡಿ, ಇಂಚು ಬಿಟ್ಟಿಲ್ಲ, ಆಚಾರಿಗಳು ಕೋಲು ಬಿಟ್ಟಿಲ್ಲ. ಒಂದು ಕೋಲೆಂದರೆ 72 ಸೆಂಟಿಮೀಟರು. ಯಾವ ಅಳತೆಯಾದರೂ ಸರಿ, ಮರದ ಜಾತಿ, ತುಂಡುಗಳ ಸಂಖ್ಯೆ, ಪ್ರತಿಯೊಂದರ ದಪ್ಪ, ಅಗಲ, ಉದ್ದ, ಒಟ್ಟು ಘನ ಅಡಿ ಬಿಲ್ಲಿನಲ್ಲಿ ಬರಲಿ. ‘ಮರ, ಒಟ್ಟು ಇಷ್ಟು ರೂಪಾಯಿ’ ಎಂದಷ್ಟೇ ಬರೆದ ಚೀಟಿಯನ್ನು ಹಣ ಕೊಡುವ ಮೊದಲೇ ಹಿಂದಿರುಗಿಸಿ, ಬೇರೆ ಬರೆಸಿಕೊಳ್ಳಬೇಕು.