ಅಂಗಡಿ ಆಟವೂ ಪಾಠವೇ

ಮೂರು ವರ್ಷದ ಮಗುವಿಗೆ ಎಬಿಸಿಡಿ ತಿದ್ದಿಸುವುದೇ ಕಲಿಕೆ ಅಂತ ನಮ್ಮ ಹಳ್ಳಿಗಳಲ್ಲಿ ಹಲವರು ನಂಬಿದ್ದಾರೆ. 'ಅಂಗನವಾಡೀಲಿ ಬರೀ ಆಡಿಸ್ತಾರೆ' ಅಂತ ಬಿಡಿಸಿ, ಸಾಲ ಮಾಡಿಯಾದರೂ ಕಾನ್ವೆಂಟ್ ವ್ಯಾನ್ ಹತ್ತಿಸುತ್ತಾರೆ. ಆದರೆ ಮಾತು ಬೆಳೆಯುವುದೇ ಆ ಆಟದಲ್ಲಿ.

ಅಂಗಡಿ ಆಟವನ್ನೇ ನೋಡಿ. ಹುಣಸೆಬೀಜ ದುಡ್ಡು, ಮಣ್ಣು ಸಕ್ಕರೆ. ಮಗು 'ಬೆಲ್ಲ' ಅಂದರೆ 'ಎಷ್ಟು ಬೇಕು ಅಕ್ಕಾ? ಉಂಡೆಬೆಲ್ಲವೋ, ಅಚ್ಚುಬೆಲ್ಲವೋ?' ಅಂತ ಕೇಳಿ. ಉತ್ತರ ನೀವೇ ಹೇಳಬೇಡಿ, ಸ್ವಲ್ಪ ಕಾಯಿರಿ. ದಿನವೂ ಹೀಗೆ ಆಡಿದರೆ ಒಂದು ಪದ ವಾಕ್ಯವಾಗುತ್ತದೆ. ಬೀಜವನ್ನು ದುಡ್ಡು ಅಂದುಕೊಳ್ಳುವ ಮಗುವೇ ಮುಂದೆ ಗೆರೆಯನ್ನು ಅಕ್ಷರವಾಗಿ ಓದುವುದು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಈ ವಯಸ್ಸಿಗೆ ಆಟದ ಮೂಲಕ ಕಲಿಕೆ ಎನ್ನುತ್ತದೆ. ಅಂಗನವಾಡಿ ಬಿಡಿಸುವ ಮುನ್ನ ಒಂದು ವಾರ, ಸಂಜೆ ಹೊತ್ತು 'ಏನು ಬರೆದೆ?' ಎನ್ನದೆ 'ಏನು ಆಟ ಆಡಿದೆ?' ಅಂತ ಮಗುವನ್ನು ಕೇಳಿ ನೋಡಿ.