ಹಳೆಯ ಮೋಟಾರುಗಾಡಿಯ ಗುಣದೋಷಗಳು

ಇನ್ನೊಬ್ಬರು ಓಡಿಸಿದ ಹಳೆಯ ಕಾರನ್ನು ಕೊಳ್ಳಬಹುದೇ ಎಂದು ವಾಚಕರಲ್ಲಿ ಕೆಲವರು ನಮ್ಮನ್ನು ಕೇಳಿರುವರು. ಧಾರಾಳವಾಗಿ ಕೊಳ್ಳಬಹುದು. ಆದರೆ ಮಾರುವವನಿಗೆ ಕೊಟ್ಟ ಹಣವೇ ಗಾಡಿಯ ಪೂರ್ಣ ಬೆಲೆಯೆಂದು ತಿಳಿಯಬಾರದು. ಹಳೆಯ ಮನೆಯನ್ನು ಕೊಳ್ಳುವವನು ಹೆಂಚು ಕೈಯಾಡಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯುವನಷ್ಟೆ? ಹಾಗೆಯೇ ಇಲ್ಲಿಯೂ ಕೈಯಲ್ಲಿರುವ ಹಣದಲ್ಲಿ ಒಂದು ಪಾಲನ್ನು ಮೊದಲ ತಿಂಗಳ ದುರಸ್ತಿಗೆಂದು ತೆಗೆದಿರಿಸತಕ್ಕದ್ದು.

ಗಾಡಿಯನ್ನು ಹಗಲಿನಲ್ಲಿಯೇ ನೋಡಬೇಕು. ತಾವು ಬರುವ ಮೊದಲೇ ಎಂಜಿನನ್ನು ನಡೆಯಿಸಿ ಬಿಸಿಮಾಡಿರಬಾರದೆಂದು ಮಾರುವವನಿಗೆ ತಿಳಿಸುವುದು ಯುಕ್ತ. ಎಂಜಿನಿನ ಎಷ್ಟೋ ದೋಷಗಳು ಅದು ತಣ್ಣಗಿದ್ದಾಗಲೇ ಹೊರಬೀಳುವುವು. ಹೊಗೆಯಿಂದ ಬೆಂಕಿಯನ್ನು ಊಹಿಸುವ ಕ್ರಮವನ್ನು ನಮ್ಮ ತಾರ್ಕಿಕರು ಬಹು ಹಿಂದೆಯೇ ಕಲಿಸಿರುವರು. ಇಲ್ಲಿ ಹೊಗೆಯ ಬಣ್ಣದಿಂದ ರೋಗವನ್ನು ಊಹಿಸತಕ್ಕದ್ದು. ನೀಲಿ ಹೊಗೆಯು ಎಂಜಿನಿನ ಎಣ್ಣೆ ಉರಿಯುತ್ತಿರುವುದನ್ನೂ, ಕಪ್ಪು ಹೊಗೆಯು ಇಂಧನ ಪೂರ್ತಿ ಉರಿಯದಿರುವುದನ್ನೂ, ಎಂಜಿನು ಬಿಸಿಯಾದ ಮೇಲೂ ನಿಲ್ಲದ ದಟ್ಟವಾದ ಬಿಳಿ ಹೊಗೆಯು ತಂಪುಗೊಳಿಸುವ ನೀರು ಒಳಗೆ ಸೋರುತ್ತಿರುವುದನ್ನೂ ಸಾಮಾನ್ಯವಾಗಿ ಸೂಚಿಸುವುವು.

ಬಣ್ಣದ ಹೊಳಪಿಗೆ ಮರುಳಾಗಬಾರದು. ನೆಲಹಾಸನ್ನೆತ್ತಿ ತಳದ ತಗಡನ್ನೂ ಬಾಗಿಲುಗಳ ಕೆಳ ಅಂಚನ್ನೂ ಮುಟ್ಟಿ ನೋಡಬೇಕು. ಮಂಗಳೂರು, ಉಡುಪಿ ಮೊದಲಾದ ಕಡಲ ತೀರದ ಊರುಗಳಲ್ಲಿ ಓಡಿದ ಗಾಡಿಗೆ ಉಪ್ಪುಗಾಳಿಯಿಂದ ತುಕ್ಕು ಬೇಗ ಹಿಡಿಯುವುದು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಗಳು ಅದರ ಹುಟ್ಟಿದ ಕಾಲವನ್ನು ಹೇಳುವುವು: 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಗೆರೆಗಳು ಸವೆಯದಿದ್ದರೂ ವಯಸ್ಸಾದ ರಬ್ಬರು ಬಿರುಕು ಬಿಡುವುದು.

ಕೊಂಡ ಮೇಲೆ ಹೊಸ ಬಣ್ಣಕ್ಕೂ ಸಂಗೀತದ ಪೆಟ್ಟಿಗೆಗೂ ಮೊದಲು ಹಣ ಹಾಕುವವರನ್ನು ನಾವು ಕಂಡಿರುವೆವು. ಮೊದಲ ಹಣವು ಬ್ರೇಕು, ಟೈರು, ಸ್ಟಿಯರಿಂಗುಗಳಿಗೆ ಸಲ್ಲಬೇಕು. ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುವುದು. ಹಾಗೆ ಹಳತಾದ ದ್ರವವು ಘಾಟಿಯ ಇಳಿಜಾರಿನಲ್ಲಿ ಕಾದು ಕುದಿದರೆ ಪೆಡಲನ್ನು ತುಳಿದರೂ ಗಾಡಿ ನಿಲ್ಲದು. ಎಂಜಿನಿನ ಟೈಮಿಂಗ್ ಬೆಲ್ಟು ರಬ್ಬರಿನದಾಗಿದ್ದು, ಅದನ್ನು ಬದಲಾಯಿಸಿದ ದಾಖಲೆಯಿಲ್ಲದಿದ್ದರೆ, ಕೂಡಲೆ ಬದಲಾಯಿಸುವುದು ಲೇಸು. ಅದು ಹರಿದರೆ ಅನೇಕ ಎಂಜಿನುಗಳಲ್ಲಿ ವಾಲ್ವುಗಳು ಪಿಸ್ಟನುಗಳಿಗೆ ಬಡಿದು ಬಾಗುವುವು. ಆಗಿನ ಖರ್ಚು ಬೆಲ್ಟಿನ ಖರ್ಚಿಗೆ ಅನೇಕ ಪಾಲು ಮಿಗಿಲು.

ಕಾಗದಪತ್ರಗಳ ವಿಷಯದಲ್ಲಿ ದಾಕ್ಷಿಣ್ಯವು ಸಲ್ಲದು. ನೋಂದಣಿ ಪತ್ರದಲ್ಲಿರುವ ಚಾಸಿಸ್ ಸಂಖ್ಯೆಯನ್ನು ಗಾಡಿಯ ಮೇಲಿನ ಸಂಖ್ಯೆಯೊಡನೆ ಹೋಲಿಸಿ ನೋಡಬೇಕು. ಖಾಸಗಿ ಕಾರಿನ ನೋಂದಣಿಯು 15 ವರ್ಷಗಳಿಗೆ ಮುಗಿಯುವುದು. ಅನಂತರ ಅದನ್ನು ನವೀಕರಿಸಬೇಕಾಗುವುದು. ಗಾಡಿಯನ್ನು ಕೊಂಡವನು 30 ದಿನಗಳೊಳಗೆ ಸಾರಿಗೆ ಕಚೇರಿಗೂ 14 ದಿನಗಳೊಳಗೆ ವಿಮಾ ಸಂಸ್ಥೆಗೂ ತಿಳಿಸತಕ್ಕದ್ದೆಂದು 1988ರ ಮೋಟಾರು ವಾಹನಗಳ ಕಾಯಿದೆಯು ವಿಧಿಸಿದೆ. ಕಾರೊಂದು ಕೈಯಿಂದ ಕೈಗೆ ಮಾರಾಟವಾಗುತ್ತ ಹೋಗಿ, ಅಪಘಾತವೊದಗಿದಾಗ, ದಾಖಲೆಯಲ್ಲಿ ಹೆಸರು ಉಳಿದಿದ್ದವನೇ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಮಾನಿಸಿತು. ಗಾಡಿಯನ್ನು ಮಾರುವ ಗೃಹಸ್ಥರೂ ಇದನ್ನು ಮನದಲ್ಲಿಡಬೇಕು. ಹೆಸರು ಬದಲಾಗುವವರೆಗೆ ಮಾರಾಟವು ಮುಗಿಯಿತೆಂದು ಎಣಿಸಲಾಗದು.

ಕ್ರಯದಲ್ಲಿ ಚೌಕಾಸಿ ಮಾಡಲು ಯಾವ ಅಡ್ಡಿಯೂ ಇಲ್ಲ. ಬ್ರೇಕಿನಲ್ಲಿ ಮಾತ್ರ ಚೌಕಾಸಿ ಬೇಡ. ಆ ಗಾಡಿಯಲ್ಲಿ ಕುಳಿತುಕೊಳ್ಳುವವರು ಮನೆಯ ಮಕ್ಕಳು.