ರಾತ್ರಿ ಒಂಬತ್ತರ ಮಾತ್ರೆ

ಹೈದರಾಬಾದಿನ ಕುಷಾಯಿಗೂಡದಂತಹ ಬಡಾವಣೆಗಳಲ್ಲಿ ಮಕ್ಕಳು ಪಾಳಿಯ ಕೆಲಸಕ್ಕೆ ಹೋದ ಮೇಲೆ ಹಿರಿಯರಿಗೆ ರಕ್ತದೊತ್ತಡದ ಮಾತ್ರೆಯನ್ನು ನೆನಪಿಸುವುದು ಮೊಬೈಲು. ರಾತ್ರಿ ಒಂಬತ್ತಕ್ಕೆ ಅದು ಸದ್ದು ಮಾಡುತ್ತದೆ. ಸೂರ್ಯಾಸ್ತದ ಬಳಿಕ ನೀರನ್ನೂ ಮುಟ್ಟದ ಅಜ್ಜಿ ಗುಂಡಿಯೊತ್ತಿ ಸದ್ದಡಗಿಸುತ್ತಾರೆ. ಮಾತ್ರೆ ಸೇವಿಸಿದರೆಂದೇ ದಾಖಲಾಗುತ್ತದೆ. ದೂರದಲ್ಲಿರುವ ಮಗ ನಿಶ್ಚಿಂತ.

ಯಂತ್ರದ ಈ ಮಿತಿ ಹೊಸದೇನಲ್ಲ. ಬೆಂಗಳೂರಿನಲ್ಲಿ ರೂಪುಗೊಂಡು ಕ್ಷಯರೋಗಿಗಳಿಗಾಗಿ ಬಳಕೆಗೆ ಬಂದ '99 ಡಾಟ್ಸ್' ವ್ಯವಸ್ಥೆಯಲ್ಲಿ ಮಾತ್ರೆಯನ್ನು ಪಟ್ಟಿಯಿಂದ ಹೊರತೆಗೆದಾಗ ಹಿಂದೆ ಅಡಗಿದ್ದ ಅಂಕಿಗಳು ಕಾಣುತ್ತವೆ. ರೋಗಿಯು ಆ ಸಂಖ್ಯೆಗೆ ಶುಲ್ಕವಿಲ್ಲದ ಕರೆ ಮಾಡಬೇಕು. ಜಾಣ ಉಪಾಯವೇ ಸರಿ. ಆದರೆ ಪಟ್ಟಿ ತೆರೆದುದು ತಿಳಿಯುತ್ತದೆಯೇ ಹೊರತು ನುಂಗಿದ್ದು ತಿಳಿಯದು. ಕರೆ ಬಾರದಿದ್ದರೆ ಮನೆಬಾಗಿಲಿಗೆ ಹೋಗಬೇಕಾದವರು ಆರೋಗ್ಯ ಕಾರ್ಯಕರ್ತರು. ಆ ಹುದ್ದೆಗಳನ್ನು ತುಂಬದೆ ಆ್ಯಪ್‌ಗಳನ್ನು ಉದ್ಘಾಟಿಸುವ ಸರ್ಕಾರಗಳು ಇದನ್ನು ಮರೆಯುತ್ತವೆ.

ನಾವೂ ಒಂದನ್ನು ಮರೆಮಾಚುತ್ತೇವೆ. ಅನಸ್ತಮಿತ ವ್ರತವನ್ನು ವೈದ್ಯರಿಗೆ ಹೇಳಲು ಸಂಕೋಚ. ಈ ಮಾತ್ರೆಯನ್ನು ಸಂಜೆಯ ಊಟದೊಂದಿಗೆ ಕೊಡಬಹುದೇ, ದಶಲಕ್ಷಣ ಪರ್ವದ ಉಪವಾಸದಂದು ಏನು ಮಾಡಬೇಕು ಎಂದು ಕೇಳಿ, ಬರೆಸಿಕೊಂಡು, ಆಮೇಲೆ ಮೊಬೈಲಿನಲ್ಲಿ ವೇಳೆಯನ್ನು ನಿಗದಿಪಡಿಸಬೇಕು. ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಎಣಿಸುವ ಸಮಾಜವು ತನ್ನ ಆರೋಗ್ಯ ಶಿಬಿರಗಳಲ್ಲಿ ಮಾತ್ರೆ ಹಂಚುವವರ ಪಕ್ಕದಲ್ಲಿಯೇ, ಇಂತಹ ಪ್ರಶ್ನೆಗಳನ್ನು ಕೇಳಿ ವೇಳಾಪಟ್ಟಿ ಬರೆದುಕೊಡುವ ವೈದ್ಯರೊಬ್ಬರನ್ನೂ ಕೂರಿಸಲಿ.